ಪುಟದ ಬೆನ್ನು ನೋಡುವ ಅಕ್ಕೋರು

ಅಕ್ಕೋರು ತೀರಿಕೊಂಡ ಸುದ್ದಿ ರಾಣೇಬೆನ್ನೂರಿನಿಂದ ಬಂದಾಗ ನಾನು ಜೋಳದ ಹಿಟ್ಟು ನಾದುತ್ತಿದ್ದೆ. ಹೇಳಿದವರು ಅವರ ತಮ್ಮನ ಹೆಂಡತಿ. ಕೈಗೆಲ್ಲ ಹಿಟ್ಟು ಮೆತ್ತಿತ್ತು. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಒತ್ತಿಕೊಂಡು, ತಲೆಯನ್ನು ಎಡಕ್ಕೆ ವಾಲಿಸಿ ಕೇಳುತ್ತ ನಿಂತಿದ್ದೆ. ಮಾತು ಮುಗಿದ ಮೇಲೆ ಅರಿವಾಯಿತು, ನಾನು ನಿಂತದ್ದು ಥೇಟ್ ಅವರ ಹಾಗೆಯೇ. ಯಾರ ಮಾತು ಕೇಳುವಾಗಲೂ ಅಕ್ಕೋರ ತಲೆ ಹೀಗೆ ಎಡಕ್ಕೆ ವಾಲುತ್ತಿತ್ತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ವರ್ಷಾನುಗಟ್ಟಲೆ ಹೆಡ್‌ಫೋನು ಹಾಕಿಕೊಂಡು ಕುಳಿತದ್ದರ ಗುರುತು ಅದು.

ಅವರನ್ನು ನಾನು ಕಂಡದ್ದು ಎರಡು ಸಾವಿರದ ದಶಕದ ನಡುವಿನ ವರ್ಷಗಳಲ್ಲಿ. ಹಾವೇರಿಯ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮಹಡಿ. ಅದರ ಮುಂದಿನ ಅರ್ಧದಲ್ಲಿ ನನ್ನ ಟೈಪಿಂಗ್ ಕ್ಲಾಸು, ಹಿಂದಿನ ಅರ್ಧದಲ್ಲಿ ಅವರ ಇಂಟರ್‌ನೆಟ್ ಅಂಗಡಿ. ನಾನು ಅಗಡಿಯಿಂದ ಬೆಳಗಿನ ಬಸ್ಸಿಗೆ ಬುತ್ತಿ ಕಟ್ಟಿಕೊಂಡು ಬರುತ್ತಿದ್ದೆ, ಅವರು ರಾಣೇಬೆನ್ನೂರಿನಿಂದ ರೈಲಿಗೆ ಬರುತ್ತಿದ್ದರು. ಎಕ್ಸ್‌ಚೇಂಜೆಲ್ಲ ತಾನೇ ನಡೆಯುವಂತಾದ ಮೇಲೆ ಸ್ವಯಂ ನಿವೃತ್ತಿ ತಗೊಂಡು, ಬಂದ ದುಡ್ಡಿನಲ್ಲಿ ಕಂಪ್ಯೂಟರ್ ಕೊಂಡವರು. ಬಿಡುವಿದ್ದಾಗ ಹುಡುಗಿಯರಿಗೆ ಕಂಪ್ಯೂಟರ್ ಕಲಿಸುತ್ತಿದ್ದರಾದ್ದರಿಂದ ಎಲ್ಲರ ಬಾಯಲ್ಲೂ ಅಕ್ಕೋರಾದರು. ಇಳಕಲ್ ಸೀರೆ, ದಾರ ಕಟ್ಟಿದ ಕನ್ನಡಕ, ಸೆರಗಿನ ತುದಿಯಲ್ಲಿ ಗಂಟು ಹಾಕಿದ ಒಂದು ನಾಲ್ಕಾಣೆ.

ಆ ನಾಲ್ಕಾಣೆಯ ಕೆಲಸ ಬೇರೆಯೇ ಇತ್ತು. ಅಂಗಡಿಯಲ್ಲಿ ಪ್ಲೈವುಡ್ಡಿನ ಸಣ್ಣ ಸಣ್ಣ ಖೋಲಿ ಮಾಡಿಸಿ ಪರದೆ ಬಿಟ್ಟಿದ್ದರು. ಯಾವ ಖೋಲಿಗೆ ಹೋಗಬೇಕಾದರೂ ಅವರು ಸೆರಗಿನ ಗಂಟಿನಿಂದ ಪ್ಲೈವುಡ್ಡನ್ನು ಟಕ್ ಟಕ್ ಎಂದು ಬಡಿದು, "ಬಂದೇನ್ರಿ" ಎನ್ನುತ್ತಿದ್ದರು. ಒಳಗಿನವರು ಹೂಂ ಅಂದ ಮೇಲೆಯೇ ಪರದೆ ಸರಿಸುವುದು. ಕರೆಂಟು ಹೋಗಿ ಗಿರಾಕಿ ಕತ್ತಲಲ್ಲಿ ಕೂಗುತ್ತಿದ್ದರೂ ಅಷ್ಟೇ.

"ಅಕ್ಕೋರ, ನಿಮ್ಮದ ಅಂಗಡಿ, ನಿಮ್ಮದ ಪರದೆ, ಬಡಿಯೋದ್ಯಾಕ?" ಎಂದು ನಾನೊಮ್ಮೆ ನಕ್ಕಿದ್ದೆ.

"ಎಕ್ಸ್‌ಚೇಂಜಿನಾಗ ಕಲ್ತದ್ದು ತಂಗಿ," ಎಂದರು. "ಇಬ್ಬರು ಮಾತಾಡೋ ಲೈನಿನಾಗ ನಾವು ಹೋಗಬೇಕಾದ್ರ ಮೊದಲ 'ಲೈನ್ ಮ್ಯಾಲೆ ಬಂದೇನ್ರಿ' ಅಂತ ಹೇಳಬೇಕು. ಹೇಳದ ಹೊಕ್ಕರ ಅದು ಕದ್ದು ಕೇಳಿದಂಗ."

"ಮತ್ತ ಆಪರೇಟರ್‌ಗೋಳು ಎಲ್ಲಾ ಕೇಳತಿದ್ರು ಅಂತಾರಲ್ರಿ ಮಂದಿ?"

"ಕಿವಿಗೆ ಬೀಳತಿತ್ತು. ನಾನು ಕೇಳತಿರಲಿಲ್ಲ." ಅಷ್ಟು ಹೇಳಿ ಬುತ್ತಿಯ ಚಟ್ನಿಪುಡಿಗೆ ಎಣ್ಣೆ ಹನಿಸುತ್ತ ಕುಳಿತರು. ಆ ವಿಷಯದಲ್ಲಿ ತಮಾಷೆ ಅವರಿಗೆ ಸೇರುತ್ತಿರಲಿಲ್ಲ.

ಅವರಿಗೆ ಈ ಪುಟದ ಬೆನ್ನು ನೋಡುವ ಚಟ ಹತ್ತಿದ್ದು ಹೇಗೆ ಅಂದರೆ, ಯಾರೋ ಹುಬ್ಬಳ್ಳಿಯವರು ಅಂಗಡಿಗೊಂದು ವೆಬ್‌ಸೈಟು ಮಾಡಿಕೊಟ್ಟು ಹೋದರು. ಅದರ ತಳದಲ್ಲಿ ಬಂದವರನ್ನು ಎಣಿಸುವ ಒಂದು ಅಂಕಿ. ಆ ಅಂಕಿಯ ಮೇಲೆ ಒತ್ತಿದರೆ ಒಂದು ವರದಿ ತೆರೆಯುತ್ತಿತ್ತು. ಯಾವ ಊರಿನವರು ಬಂದರು, ಎಷ್ಟು ಹೊತ್ತಿಗೆ ಬಂದರು, ಯಾವ ಪುಟ ನೋಡಿದರು, ಎಷ್ಟು ಹೊತ್ತು ಕುಳಿತರು, ಎಲ್ಲ ಅದರಲ್ಲಿ. ಮಾಡಿಕೊಟ್ಟವರು ಅದನ್ನೇ ದೊಡ್ಡ ಉಪಕಾರ ಎಂಬಂತೆ ತೋರಿಸಿದರು. ಅಕ್ಕೋರು ಮಧ್ಯಾಹ್ನದ ಊಟ ಬಿಟ್ಟು ಅದನ್ನೇ ನೋಡುತ್ತ ಕುಳಿತರು. ಆಮೇಲೆ ಹೊರಗೆ ಬಂದು, "ತಂಗಿ, ನಾ ಪ್ಲಗ್ ಹಾಕಿಲ್ಲದ ಲೈನಿನ ಮಾತು ನನಗ ಕೇಳಾಕತ್ತೇತಿ," ಎಂದರು. ಮರುದಿನವೇ ಆ ಅಂಕಿಯನ್ನು ತೆಗೆಸಿಹಾಕಿದರು.

ಆದರೆ ಅಲ್ಲಿಗೆ ಬಿಡಲಿಲ್ಲ. ಬೇರೆಯವರ ಪುಟಗಳಲ್ಲಿ ಯಾರು ಯಾರು ಕುಳಿತಿದ್ದಾರೆ ಎಂದು ಹುಡುಕತೊಡಗಿದರು. ನನಗೂ ತೋರಿಸಿದ್ದರು. ಪುಟದ ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಬೇಕು. ಪುಟದ ಮೂಲ ತೋರಿಸು ಎನ್ನಬೇಕು. ಆಗ ಚಿತ್ರ, ಬಣ್ಣ ಎಲ್ಲ ಹೋಗಿ ಬರೀ ಅಕ್ಷರ ತೆರೆದುಕೊಳ್ಳುತ್ತವೆ, ಸೀರೆಯನ್ನು ತಿರುವಿ ಹಾಕಿದರೆ ದಾರದ ಗಂಟು ಕಾಣುವಂತೆ. "ತಳಕ್ಕ ಹೋಗು. ಮೂರನೇದವರು ಯಾವಾಗಲೂ ತಳದಾಗ ಕುಂತಿರತಾರ," ಎನ್ನುತ್ತಿದ್ದರು. ಒಂದೊಂದು ಎಣಿಸುವ ಕಂಪನಿಯ ಗುರುತು ಒಂದೊಂದು ಥರ. ಒಂದು ತನ್ನ ಹೆಸರಿನ ಮುಂದೆ ಗಿರಾಕಿಯ ನಂಬರು ಬರೆದಿರುತ್ತದೆ. ಇನ್ನೊಂದು ಕಣ್ಣಿಗೆ ಕಾಣದ ಚಿತ್ರ ಇಡುತ್ತದೆ, ಉದ್ದ ಒಂದು ಚುಕ್ಕಿ, ಅಗಲ ಒಂದು ಚುಕ್ಕಿ. ಅದು ತೆರೆದುಕೊಂಡ ಕ್ಷಣಕ್ಕೆ ಅತ್ತ ಸುದ್ದಿ ಮುಟ್ಟಿತು. ಅಕ್ಕೋರಿಗೆ ಇವೆಲ್ಲ ಸಂತೆಯಲ್ಲಿ ದನದ ಮುದ್ರೆ ಗುರುತಿಸಿದಷ್ಟು ಸಲೀಸಾಗಿಬಿಟ್ಟವು.

ಗಿರಾಕಿಗಳಿಗೆ ಇದು ಹಿಡಿಸಲಿಲ್ಲ. ಎಸ್ಸೆಸ್ಸೆಲ್ಸಿ ರಿಸಲ್ಟ್ ನೋಡಲು ಮಗಳನ್ನು ಕರೆದುಕೊಂಡು ಬಂದ ಒಬ್ಬ ಸಾಹೇಬರಿಗೆ, "ಈ ಪುಟದಾಗ ಮೂರು ಮಂದಿ ಕುಂತಾರ ನೋಡ್ರಿ," ಎಂದುಬಿಟ್ಟರು. ಅವರು ಖೋಲಿಯ ಮೂಲೆಮೂಲೆ ನೋಡಿ, "ಎಲ್ಲೆದಾರಮ್ಮ?" ಎಂದರು. ಹುಡುಗಿ ಪಾಸಾದದ್ದನ್ನು ನೋಡಿದ ಸಂತೋಷವೂ ಆ ಗದ್ದಲದಲ್ಲಿ ಅರ್ಧ ಆಯಿತು. ಎದುರುಗಡೆ ಇಂಟರ್‌ನೆಟ್ ಅಂಗಡಿ ಇಟ್ಟವನು ಕಟ್ಟೆಯ ಮೇಲೆ ಕುಳಿತು ಆಡಿಕೊಳ್ಳುತ್ತಿದ್ದ: "ಅಲ್ಲಿ ಹೋಗಬ್ಯಾಡ್ರೋ, ಆ ಅಕ್ಕೋರು ಹೆಣ್ಣು ನೋಡಾಕ ಹ್ವಾದವರಿಗೆ ಹೆಣ್ಣಿನ ಬೆನ್ನು ತೋರಸ್ತಾರ!" ಗಿರಾಕಿ ಕಡಿಮೆಯಾದರು. ಅಕ್ಕೋರು ಚಟ ಬಿಡಲಿಲ್ಲ. ಒಳ್ಳೆಯದು ಎಂದು ಒಮ್ಮೆ ಮನಸ್ಸಿಗೆ ಬಂದರೆ ಎದುರಿನವರನ್ನು ಕೇಳುವ ಗೋಜಿಗೆ ಹೋಗದೆ ಮಾಡಿಯೇ ಬಿಡುವವರು ಅವರು. ನನ್ನ ಬುತ್ತಿಯಲ್ಲಿ ಉಪ್ಪು ಹೆಚ್ಚಾಯಿತೆಂದು ನನಗೆ ತಿಳಿಯದಂತೆ ಅದರಲ್ಲಿ ಮೊಸರು ಸುರಿದಿಟ್ಟದ್ದೂ ಉಂಟು.

ಸುಮಂಗಲಾ ಬರತೊಡಗಿದ್ದು ಆ ದಿನಗಳಲ್ಲಿ. ಮೂವತ್ತರ ಒಳಗಿನ ಹೆಣ್ಣುಮಗಳು. ಹಾವೇರಿಯ ಸೀರೆ ಅಂಗಡಿಯೊಂದರಲ್ಲಿ ಕೆಲಸ, ರಾಣೇಬೆನ್ನೂರಿನ ತವರಿನಲ್ಲಿ ವಾಸ. ಸಂಜೆ ಕೆಲಸ ಬಿಟ್ಟು ಬಸ್ಸು ಹಿಡಿಯುವ ಮೊದಲು ನಮ್ಮ ಮಹಡಿ ಹತ್ತುತ್ತಿದ್ದಳು. ಮೂಲೆಯ ಖೋಲಿಯೇ ಬೇಕು. ಹತ್ತು ನಿಮಿಷ ಕುಳಿತು, ಸೆರಗಿನಿಂದ ಮುಖ ಒರೆಸಿಕೊಂಡು ಇಳಿದುಹೋಗುತ್ತಿದ್ದಳು. ತೆರೆಯುತ್ತಿದ್ದದ್ದು ಒಂದೇ ವೆಬ್‌ಸೈಟು, ಬ್ಯಾಡಗಿಯ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯದು.

"ಈಕಿಗ್ಯಾಕ ಮೆಣಸಿನಕಾಯಿ ರೇಟು?" ಎಂದು ನಾವು ಮಾತಾಡಿಕೊಂಡದ್ದಿದೆ. ಒಂದು ಸಂಜೆ ಅವಳೇ ಅಕ್ಕೋರನ್ನು ಕರೆದು, ಕಂಪ್ಯೂಟರಿನ ಪರದೆಯ ಮೇಲಿನ ಒಂದು ಫೋಟೋ ಕಾಗದದ ಮೇಲೆ ತೆಗೆಯಲು ಬರುತ್ತದೆಯೇ ಎಂದು ಕೇಳಿದಳು. ಅಂಗಡಿಯ ಲಕ್ಷ್ಮೀಪೂಜೆಯ ಫೋಟೋ. ಕೆಂಪು ರಾಶಿಯ ಮುಂದೆ ಜರಿಲಂಗ ತೊಟ್ಟ ಐದಾರು ವರ್ಷದ ಹುಡುಗಿ.

"ನನ್ನ ಮಗಳ್ರಿ," ಎಂದಳು. ಅಕ್ಕೋರು ಪ್ರಿಂಟರು ಹಚ್ಚಲು ಹೋದಾಗ, "ಬ್ಯಾಡ ಬಿಡ್ರಿ ಅಕ್ಕೋರ, ಮನ್ಯಾಗ ಅವ್ವ ನೋಡಿದ್ರ ಅಳತಾಳ. ಇಲ್ಲೇ ನೋಡಿ ಹೊಕ್ಕೇನಿ," ಎಂದು ತಡೆದಳು.

ಗಂಡನ ಕೈ ಜೋರು. ಹೊಡೆತ ತಾಳದೆ ತವರಿಗೆ ಬಂದವಳು. ಆ ದಲಾಲಿ ಅಂಗಡಿ ಗಂಡನ ಮನೆಯವರದೇ, ಮಗುವನ್ನು ಅವರು ಕಳಿಸಲಿಲ್ಲ. ತರಲು ಹೋದ ಅವಳ ಅಣ್ಣನನ್ನು ಗಂಡ ಹೊಸ್ತಿಲಲ್ಲೇ ನಿಲ್ಲಿಸಿ ಕಳಿಸಿದ್ದ. ಬಸ್ಸು ದಿನಾ ಮೋಟೆಬೆನ್ನೂರು ಕ್ರಾಸಿನಲ್ಲಿ ನಿಲ್ಲುತ್ತದೆ, ಬ್ಯಾಡಗಿಗೆ ಹೋಗುವವರು ಇಳಿಯುತ್ತಾರೆ, ಅವಳು ಕಿಟಕಿಯಿಂದ ಆ ರಸ್ತೆ ನೋಡುತ್ತಾಳೆ. ರಾಣೇಬೆನ್ನೂರಿನ ಇಂಟರ್‌ನೆಟ್ ಅಂಗಡಿಗಳಲ್ಲಿ ಎಲ್ಲರೂ ಗುರುತಿನವರು, ಅದಕ್ಕೇ ಇಲ್ಲಿ. ಇಷ್ಟನ್ನು ಅಕ್ಕೋರು ನನಗೆ ಹೇಳಿದ್ದು, ತಲೆಯನ್ನು ಎಡಕ್ಕೆ ವಾಲಿಸಿಕೊಂಡೇ, ಇನ್ನೂ ಅವಳ ಮಾತು ಕೇಳುತ್ತಿರುವವರಂತೆ.

ಸುಮಂಗಲಾ ಹೋದ ಮೇಲೆ ಅವರು ಆ ಪುಟದ ಬೆನ್ನು ನೋಡಿದರು. ತಳದಲ್ಲಿ ಎಣಿಸುವವರು ಇದ್ದೇ ಇದ್ದರು. ತಮ್ಮ ಸೈಟಿನಲ್ಲಿದ್ದ ಅದೇ ಕಂಪನಿ. ಅಂಕಿಯ ಮೇಲೆ ಒತ್ತಿದರೆ ವರದಿ ಯಾರಿಗಾದರೂ ತೆರೆಯುತ್ತಿತ್ತು, ಬೀಗ ಹಾಕಬೇಕೆಂಬುದು ಅಂಗಡಿಯವರಿಗೆ ಗೊತ್ತಿರಲಿಲ್ಲ. ನನ್ನನ್ನು ಕರೆದು ತೋರಿಸಿದರು. ಆ ಸೈಟಿಗೆ ಬರುವವರೇ ಅಪರೂಪ. ಆದರೆ ದಿನಾ ಸಂಜೆ ಒಬ್ಬರು ಬರುತ್ತಾರೆ. ರೇಟಿನ ಪುಟ ನೋಡುವುದಿಲ್ಲ. 'ನಮ್ಮ ಮನೆ' ಎಂಬ ಪುಟಕ್ಕೆ ನೇರ ಹೋಗಿ ಹತ್ತು ನಿಮಿಷ ಅಲ್ಲಿಯೇ ನಿಲ್ಲುತ್ತಾರೆ. ಊರು ಎಂಬಲ್ಲಿ ಬೆಂಗಳೂರು ಎಂದಿತ್ತು.

"ಬೆಂಗಳೂರ್ಯಾಕ್ರಿ?" ಎಂದೆ.

"ನಮ್ಮ ಇಂಟರ್‌ನೆಟ್ ಲೈನಿನ ವಿಳಾಸ ಬೆಂಗಳೂರಿಂದು. ಇದಕ್ಕ ಹಾವೇರಿ ಅನ್ನೋದೊಂದು ಊರು ಐತಿ ಅನ್ನೋದ ಗೊತ್ತಿಲ್ಲ." ನಗಲಿಲ್ಲ ಅವರು. "ಇವತ್ತು ಬೆಂಗಳೂರು ಅಂತೈತಿ. ಆಕಿ ಗಂಡ ಕಂಪ್ಯೂಟರ್ ಬಲ್ಲಾಂವ ಅಂತ. ದಿನಾ ಒಂದ ಹೊತ್ತಿಗೆ, ಒಂದ ಪುಟ, ಮಗಳ ಫೋಟೋ. ಯಾರು ಅಂತ ತಿಳ್ಯಾಕ ಎಷ್ಟೊತ್ತು ಬೇಕು? ತಿಳದ ದಿನ ಆ ಪುಟಾನ ಕಿತ್ತ ಒಗೀತಾನ."

ಅವಳಿಗೆ ಹೇಳೋಣವೆಂದೆ ನಾನು. ಬೇಡವೆಂದರು. "ಹೆದರಿ ಬರೋದ ಬಿಡತಾಳ. ಇಷ್ಟರ ಸುಖ ಇರಲಿ ಆಕಿಗೆ."

ಹಾಗೆಂದು ಮೂಲೆಯ ಖೋಲಿಯ ಕಂಪ್ಯೂಟರಿನ ಒಳಗಿನ ಒಂದು ಸಣ್ಣ ಕಡತ ತೆರೆದು, ಎಣಿಸುವ ಕಂಪನಿಯ ವಿಳಾಸಕ್ಕೆ ಈ ಯಂತ್ರ ಹೋಗಲೇಬಾರದು ಎಂದು ಒಂದು ಸಾಲು ಬರೆದರು. ಇನ್ನು ಪುಟ ತೆರೆಯುತ್ತದೆ, ಫೋಟೋ ಕಾಣುತ್ತದೆ. ಬಂದ ಸುದ್ದಿ ಮಾತ್ರ ಅತ್ತ ಮುಟ್ಟುವುದಿಲ್ಲ. ಉಳಿದ ಖೋಲಿಗಳಲ್ಲೂ ಅದೇ ಸಾಲು ಬರೆದು ಬಂದು, ಕೈ ತೊಳೆದುಕೊಂಡವರಂತೆ ಕುಳಿತು, "ಇನ್ನ ಆಕಿ ಬಂದ್ರೂ ಬಂದಿಲ್ಲ," ಎಂದರು. ಅವರ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಬಹಳ ದಿನದಿಂದ ಕಂಡಿರಲಿಲ್ಲ. ಆ ದಿನ ನಾಲ್ಕಾಣೆ ಸೆರಗಿನಲ್ಲೇ ಉಳಿಯಿತು, ಸುಮಂಗಲೆಯ ಖೋಲಿಯ ಪ್ಲೈವುಡ್ಡನ್ನು ಯಾರೂ ಬಡಿದಿರಲಿಲ್ಲ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಅದು ದಸರೆಯ ಹೊತ್ತು. ದೀಪಾವಳಿ ಕಳೆದು ನನ್ನ ಅಣ್ಣ ಅಗಡಿಗೆ ಬಂದಿದ್ದ. ಅಣ್ಣ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಗುಮಾಸ್ತ, ಆ ದಲಾಲಿ ಅಂಗಡಿಯ ಬಾಜೂ ಅಂಗಡಿಯಲ್ಲಿ. ರೊಟ್ಟಿ ತಿನ್ನುತ್ತ, ನಗುತ್ತ ಹೇಳಿದ: "ನಮ್ಮ ಬಾಜೂ ಸಾವ್ಕಾರ್ರ ಬೆಂಗಳೂರು ಪಾರ್ಟಿ ಕೈ ಬಿಟ್ಟಾತು ನೋಡವಾ."

"ಯಾವ ಪಾರ್ಟಿ?"

"ಅದs, ಕಂಪ್ಯೂಟರಿನಾಗ! ಬೆಂಗಳೂರಿನ ಯಾವುದೋ ಮಸಾಲಿ ಕಂಪನ್ಯಾಂವ ದಿನಾ ಸಂಜೀಕ ಇವರ ಅಂಗಡಿ ನೋಡತಿದ್ದನಂತ. ರೇಟು ನೋಡಂಗಿಲ್ಲ, ಮಾಲು ನೋಡಂಗಿಲ್ಲ, ಮನೀ ಮಂದಿ ಫೋಟೋ ನೋಡತಿದ್ದನಂತ. ಸಾವ್ಕಾರ್ರು ಎದಿ ಉಬ್ಬಿಸಿ, 'ದೊಡ್ಡ ಪಾರ್ಟಿ ಮಾಲು ನೋಡೂ ಮೊದಲ ಮನೆತನ ನೋಡತಾರ' ಅಂತ ಎಲ್ಲರ ಮುಂದ ಹೇಳೋರು. ಅದಕ್ಕಂತನ ಹಬ್ಬಕ್ಕೊಮ್ಮೆ ಮೊಮ್ಮಗಳಿಗೆ ಹೊಸಾ ಲಂಗ ಹಾಕಿಸಿ ಫೋಟೋ ತಗಸಿ ಹಾಕಸೋರು. ಈಗ ಆ ಪಾರ್ಟಿ ಬರೋದ ಬಿಟ್ಟನಂತ. ಮಗ, 'ಯಾರೂ ನೋಡದ ಪುಟ ಯಾಕ ಇಡೋದು' ಅಂತ ಇವತ್ತ ದೀಪ ಹಚ್ಚೂ ಹೊತ್ತಿಗೆ ತಗಸಿಬಿಟ್ಟಾನ."

ಅವನು ನಗುತ್ತಲೇ ಇದ್ದ. ಯಾವಾಗಿನಿಂದ ಬಿಟ್ಟನೆಂದು ಕೇಳಿದರೆ, ದಸರೆಯಿಂದ ಎಂದ.

ಮರುದಿನ ಅಕ್ಕೋರಿಗೆ ಹೇಳಿದೆ. ಹೇಳದಿರಲು ಆಗಲಿಲ್ಲ. ಅವರು ಎದ್ದು ಹೋಗಿ ಮೂಲೆಯ ಕಂಪ್ಯೂಟರಿನಲ್ಲಿ ನೋಡಿದರು. ಮೆಣಸಿನಕಾಯಿಯ ರಾಶಿ ಇತ್ತು, ರೇಟಿನ ಪುಟ ಇತ್ತು, 'ನಮ್ಮ ಮನೆ' ಇರಲಿಲ್ಲ. ಬಂದು ನನ್ನ ಟೈಪಿಂಗ್ ಮೇಜಿನ ಮುಂದೆ ಕುಳಿತರು. ಹುಡುಗಿಯರು ಟಕಟಕ ಬಡಿಯುತ್ತಿದ್ದ ಸದ್ದಿನಲ್ಲಿ, "ಆ ಪುಟಾ ಉಳದಿದ್ದs ಆಕಿ ನೋಡತಾಳ ಅಂತ," ಎಂದರು. "ಆಕಿ ಬಂದದ್ದು ಯಾರೂ ನೋಡಬಾರದು ಅಂತ ನಾ ಮುಚ್ಚಿದ್ನಲ್ಲ ತಂಗಿ, ಅದಕ್ಕ ಯಾರೂ ನೋಡಂಗಿಲ್ಲ ಅಂತ ಅವರು ಮುಚ್ಚಿದ್ರು."

ಸಂಜೆ ಸುಮಂಗಲಾ ಬಂದಳು. ಅಕ್ಕೋರು ಅವಳನ್ನು ಖೋಲಿಗೆ ಬಿಡದೆ ಹೊರಗಿನ ಬೆಂಚಿನ ಮೇಲೆ ಕೂರಿಸಿ ಇದ್ದದ್ದನ್ನು ಇದ್ದಂತೆ ಹೇಳಿದರು. ಬೈಯುತ್ತಾಳೆ, ಅಳುತ್ತಾಳೆ ಎಂದು ನಾನು ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ಅವಳು ಎರಡೂ ಮಾಡಲಿಲ್ಲ.

"ಅದಕ್ಕ ಹೌದಲ್ರಿ," ಎಂದಳು. "ಅಂಕಿ ಇದ್ದ ಜಾಗದಾಗ ಒಂದು ಖಾಲಿ ಡಬ್ಬಿ, ಅದರಾಗ ಕೆಂಪು ಕಾಟು. ಅವರ ತಗದಾರ ಅಂದಕೊಂಡೆ."

"ಅಂಕಿ ನೋಡತಿದ್ದೇನವಾ ನೀ?"

"ದಿನಾ ನೋಡತಿದ್ದೆ. ಮೊದಲ ಅಂಕಿ ನೋಡಿ, ಆಮ್ಯಾಲೆ ಮಗಳನ್ನ ನೋಡತಿದ್ದೆ. ನಾ ಹ್ವಾದ ಕೂಡಲೇ ಒಂದು ಏರತಿತ್ತಲ್ರಿ, ಅದು ನಾನ. ಆ ಮನ್ಯಾಗ ನಂದು ಅಂತ ಒಂದು ಸೀರಿ ಉಳದಿಲ್ಲ, ಒಂದು ಫೋಟೋ ಉಳದಿಲ್ಲ. ಆ ಅಂಕಿಯೊಳಗ ನಾ ಇದ್ದೆ. ಯಾರೋ ದಿನಾ ಬಂದು ಬಾಗಲಾ ಬಡದು ಹೊಕ್ಕಾರ ಅನ್ನೋದರ ಅವರಿಗೆ ಗೊತ್ತಾಗಲಿ ಅನಸ್ತಿತ್ತು. ಯಾರು ಅಂತ ತಿಳೀದಿದ್ರೂ ಅಡ್ಡಿ ಇಲ್ಲ." "ಅಂಕಿ ಹೋದ ಮ್ಯಾಲೆ ನಾ ಬಂದ್ರೂ ಬಂದಿಲ್ಲ ಅಂದಂಗ ಆತು," ಎಂದಳು.

ಅಕ್ಕೋರು ಅಂದು ಹೆಮ್ಮೆಯಿಂದ ಆಡಿದ್ದ ಮಾತೇ. ಸುಮಂಗಲೆಗೆ ಅದು ಗೊತ್ತಿರಲಿಲ್ಲ. ಅಕ್ಕೋರ ತಲೆ ಎಡಕ್ಕೆ ವಾಲಿರಲಿಲ್ಲ. ನೆಟ್ಟಗೆ ಕುಳಿತಿದ್ದರು.

"ನಾ ಬ್ಯಾಡಗಿಗೆ ಹೋಗಿ ಹೇಳಲೇನವಾ? ನೀ ಬ್ಯಾಡ ಅಂದ್ರ ಬ್ಯಾಡ," ಎಂದು ಕೇಳಿದರು. ಖೋಲಿಗೆ ಬಡಿಯುವುದು ಬಿಟ್ಟರೆ, ಅವರು ಒಬ್ಬರ ಅಪ್ಪಣೆ ಕೇಳಿದ್ದನ್ನು ನಾನು ಮೊದಲ ಸಲ ಕಂಡೆ.

ಸುಮಂಗಲಾ ಬಸ್ಸಿನ ಹೊತ್ತು ಮೀರುವ ತನಕ ಯೋಚಿಸಿದಳು. "ಹೇಳ್ರಿ. ನನ್ನ ಹೆಸರು ಹಿಡದ ಹೇಳ್ರಿ. ಪುಟಾ ಹೆಂಗೂ ಹೋಗೇತಿ. ಗಂಡಗ ಅಲ್ಲ, ಮಾವಗ ಹೇಳ್ರಿ."

ಬ್ಯಾಡಗಿಗೆ ಅಕ್ಕೋರ ಜೊತೆ ನಾನೂ ಹೋದೆ. ಮೆಣಸಿನಕಾಯಿ ಆವಕದ ದಿನ. ಮಾರ್ಕೆಟ್ಟಿನ ಗೇಟು ದಾಟುತ್ತಲೇ ಘಾಟು ಮೂಗಿಗೆ ಹೊಡೆದು ಅಕ್ಕೋರು ಸೀನತೊಡಗಿದರು. ಸೆರಗಿನಲ್ಲಿ ಮೂಗು ಒತ್ತಿಕೊಂಡೇ ಚೀಲ ಹೊತ್ತ ಹಮಾಲರ ನಡುವೆ ದಾರಿ ಮಾಡಿಕೊಂಡು ಹೋದರು. ಅಣ್ಣನಿಂದ ತಿಳಿದುಕೊಂಡಿದ್ದೆ, ಆ ಹೊತ್ತಿಗೆ ಮಗ ಕೋಲ್ಡ್ ಸ್ಟೋರೇಜಿಗೆ ಹೋಗಿರುತ್ತಾನೆ, ಗಾದಿಯ ಮೇಲೆ ಸುಮಂಗಲೆಯ ಮಾವ, ಆ ಮುದುಕರು ಒಬ್ಬರೇ.

ಅಕ್ಕೋರು ಬಾಗಿಲ ಚೌಕಟ್ಟನ್ನು ನಾಲ್ಕಾಣೆಯಿಂದ ಬಡಿದರು. "ಬಂದೇನ್ರಿ ಸಾವ್ಕಾರ್ರ. ನಾ ಹಾವೇರ್ಯಾಗ ಇಂಟರ್‌ನೆಟ್ ಅಂಗಡಿ ಇಟ್ಟಾಕಿ. ನಿಮ್ಮ ಬೆಂಗಳೂರು ಪಾರ್ಟಿ ವಿಷಯ ಮಾತಾಡಬೇಕಿತ್ತು."

ಮುದುಕರ ಮುಖ ಅರಳಿತು. "ಬರ್ರಿ ಬರ್ರಿ, ಕುಂದ್ರಿ! ಲೇ, ಮೂರು ಚಾ ಹೇಳೋ! ಏನಂತಾರ ಅವರು? ಮಾಲು ಬೇಕಂತೇನು?"

"ಅದು ಬೆಂಗಳೂರಲ್ರಿ. ಹಾವೇರಿ. ನನ್ನ ಅಂಗಡಿ. ದಿನಾ ನೋಡತಿದ್ದಾಕಿ ನಿಮ್ಮ ಸೊಸಿ, ಸುಮಂಗಲಾ."

ಮುದುಕರು ಮುಂದಿದ್ದ ಮಾದರಿಯ ಬುಟ್ಟಿಯಿಂದ ಒಂದು ಒಣ ಮೆಣಸಿನಕಾಯಿ ಎತ್ತಿಕೊಂಡರು. ಅದರ ತೊಟ್ಟು ಮುರಿದರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಬೀಜದ ಸದ್ದು ಕೇಳಿದರು, ಅಲ್ಲಿ ಬೇರೆ ಯಾರೂ ಇಲ್ಲವೇನೋ ಎಂಬಂತೆ.

"ದಿನಾ?" ಎಂದರು.

"ದಿನಾ."

"ಹಬ್ಬದ ದಿನಾನೂ?"

"ಆಕಿ ಅಂಗಡಿಗೆ ಸೂಟಿ ಇದ್ದ ದಿನಾನೂ ಬಸ್ ಹಿಡದು ಬರತಿದ್ಲು."

"ಮತ್ತ ಬಿಟ್ಟದ್ದ್ಯಾಕ?"

"ಆಕಿ ಬಿಟ್ಟಿಲ್ರಿ. ಬಂದದ್ದು ನಿಮಗ ಕಾಣದಂಗ ನಾ ಮಾಡಿದ್ದೆ. ಆಕಿಗೂ ಹೇಳದ ಮಾಡಿದ್ದೆ. ತಪ್ಪು ನಂದು. ಅದನ್ನ ಹೇಳಾಕ ಬಂದೇನಿ."

ಚಹಾ ಬಂತು. ಘಾಟಿಗೆ ನಮ್ಮ ಕಣ್ಣಲ್ಲೆಲ್ಲ ನೀರು, ಮುದುಕರ ಕಣ್ಣಲ್ಲೂ. ಬ್ಯಾಡಗಿಯಲ್ಲಿ ಹುಟ್ಟಿ ಬೆಳೆದವರಿಗೆ ಘಾಟು ಹತ್ತುವುದಿಲ್ಲ ಎಂದು ಅಣ್ಣ ಆಗಾಗ ಹೇಳುತ್ತಾನೆ. ನಾನು ಲೋಟದೊಳಗೆ ನೋಡುತ್ತ ಕುಡಿದೆ. ಎದ್ದು ಹೊರಡುವಾಗ ಅವರು ಹೇಳಿದ್ದು ಇಷ್ಟೇ: "ನನ್ನ ಮಗನ ಮುಂದ ಹೇಳಬ್ಯಾಡ್ರಿ."

ಹಾವೇರಿಗೆ ಬಂದವರೇ ಎಲ್ಲ ಖೋಲಿಗಳಲ್ಲೂ ತಾವು ಬರೆದಿದ್ದ ಸಾಲು ಅಳಿಸಿದರು. ಅಳಿಸುವಾಗ ಒಂದೊಂದು ಖೋಲಿಗೂ ಬಡಿದೇ ಒಳಗೆ ಹೋದರು.

ಆಮೇಲಿನ ವಾರಗಳು ಕಷ್ಟದವು. ಸುಮಂಗಲಾ ಬರುತ್ತಿದ್ದಳು, ಬರೀ ರಾಶಿಯ ಫೋಟೋ ನೋಡಿ ಹೋಗುತ್ತಿದ್ದಳು. ಅಕ್ಕೋರು ಬುತ್ತಿ ಬಿಚ್ಚಿ ಮತ್ತೆ ಕಟ್ಟುತ್ತಿದ್ದರು. ಸಂಕ್ರಾಂತಿಯ ಆಸುಪಾಸಿನ ಒಂದು ಸಂಜೆ ಮೂಲೆಯ ಖೋಲಿಯಿಂದ, "ಅಕ್ಕೋರ!" ಎಂಬ ಕೂಗು ಕೇಳಿ ಓಡಿದೆವು. ಓಡುವ ಅವಸರದಲ್ಲೂ ಅವರು ಬಡಿಯುವುದನ್ನು ಬಿಡಲಿಲ್ಲ.

'ನಮ್ಮ ಮನೆ' ಮರಳಿರಲಿಲ್ಲ. ಮೊದಲ ಪುಟದ ರಾಶಿಯ ಫೋಟೋ ಮಾತ್ರ ಬದಲಾಗಿತ್ತು. ಕಣದಲ್ಲಿ ಹರವಿದ ಕಾಯಿ, ಆರಿಸುತ್ತಿರುವ ಹೆಂಗಸರು, ಅವರ ನಡುವೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕುಳಿತ ಒಂದು ಮಗು. ಮುಖ ಕಾಣುವುದಿಲ್ಲ. ಎರಡು ಜಡೆ, ಕೆಂಪು ರಿಬ್ಬನ್ನು. ಮಗ ನೋಡಿದರೂ ಮೆಣಸಿನಕಾಯಿಯ ಫೋಟೋ ಎಂದೇ ಮುಂದೆ ಹೋಗಬೇಕು, ಹಾಗೆ ಹಾಕಿಸಿದ್ದರು ಮುದುಕರು.

"ಎಡಗಡೆ ಜಡಿ ಬಿಗಿ ಇಲ್ಲ ನೋಡ್ರಿ," ಎಂದಳು ಸುಮಂಗಲಾ. "ಯಾರು ಹಾಕ್ಯಾರೋ ಏನೋ." ಬೆರಳಿನಿಂದ ಪರದೆಯ ಮೇಲೆ ಆ ಜಡೆಯನ್ನು ಮುಟ್ಟಿದಳು.

ತಳದಲ್ಲಿ ಅಂಕಿ ಇತ್ತು. ಅವಳು ಹೋದ ಮೇಲೆ ಅಕ್ಕೋರು ಪುಟದ ಬೆನ್ನು ನೋಡುತ್ತಾರೆ ಎಂದುಕೊಂಡೆ. ನೋಡಲಿಲ್ಲ. ಆ ಪುಟದ ಬೆನ್ನನ್ನು ಅವರು ಮತ್ತೆಂದೂ ನೋಡಲಿಲ್ಲ. ಬಾಜೂ ಅಂಗಡಿಯ ಅಣ್ಣ ಹೇಳುತ್ತಿದ್ದ, ಮುದುಕರು ದೀಪ ಹಚ್ಚಿದ ಮೇಲೆ ಕಂಪ್ಯೂಟರು ಹಚ್ಚಿಸಿ, ಆ ಅಂಕಿ ನೋಡಿಯೇ ಊಟಕ್ಕೆ ಏಳುತ್ತಾರೆ ಎಂದು. ಅಷ್ಟಕ್ಕೇ ನಿಂತಿತು ಅದು. ಇತ್ತಿಂದ ಒಂದು ಅಂಕಿ, ಅತ್ತಿಂದ ಆಗೊಮ್ಮೆ ಈಗೊಮ್ಮೆ ಬೆನ್ನು ಮಾಡಿದ ಒಂದು ಫೋಟೋ. ಮುದುಕರು ಮಗನ ಎದುರು ನಿಂತು ಮಾತಾಡಲಿಲ್ಲ, ಮಗು ತಾಯಿಯ ಕೈಗೆ ಬರಲಿಲ್ಲ. ವರ್ಷವೆರಡು ಕಳೆದು ಸೈಟೂ ನಿಂತಿತು, ಸುಮಂಗಲಾ ದಾವಣಗೆರೆಯ ಅಂಗಡಿಗೆ ಕೆಲಸಕ್ಕೆ ಹೋದಳು, ಅಕ್ಕೋರು ಕಂಪ್ಯೂಟರುಗಳನ್ನು ಮಾರಿ ರಾಣೇಬೆನ್ನೂರಿನ ಮನೆ ಸೇರಿದರು. ನಾನು ಹೋದಾಗಲೆಲ್ಲ, "ಆಕಿ ಸುದ್ದಿ ಏನರ ಗೊತ್ತೇನು?" ಎಂದು ಕೇಳುತ್ತಿದ್ದರು. ಇಲ್ಲವೆಂದರೆ, ದೀಪಾವಳಿಯಿಂದ ಸಂಕ್ರಾಂತಿಯ ತನಕದ ಆ ದಿನಗಳ ಮಾತು ಎತ್ತುತ್ತಿದ್ದರು. ಅಷ್ಟು ದಿನದ ಲಂಗ, ಅಷ್ಟು ದಿನದ ಹಲ್ಲು ಬಿದ್ದದ್ದು, ಹುಟ್ಟಿದ್ದು ಆಕೆ ನೋಡಲಿಲ್ಲವಲ್ಲ ಎಂದು. ನಾನು ಸಮಾಧಾನ ಹೇಳಿದರೆ ಸಿಟ್ಟಾಗುತ್ತಿದ್ದರು.

ನನಗೆ ಅವರು ನೆನಪಾಗುವುದು ಮಾತ್ರ ಬೇರೊಂದು ಸಂಜೆಯಲ್ಲಿ. ಫೋಟೋ ಬದಲಾದ ಕೆಲವು ದಿನಗಳ ಮೇಲೆ ಸುಮಂಗಲಾ ಬರಲಿಲ್ಲ. ಜ್ವರವೆಂದು ಆಮೇಲೆ ತಿಳಿಯಿತು, ಅಂದು ನಮಗೆ ಗೊತ್ತಿರಲಿಲ್ಲ. ಅವಳ ಬಸ್ಸು ಹೋಯಿತು, ಅದರ ನಂತರದ್ದೂ ಹೋಯಿತು. ಅಕ್ಕೋರು ಮೆಟ್ಟಿಲ ಕಡೆ ನೋಡುತ್ತ ಕುಳಿತರು. ಬ್ಯಾಡಗಿಯಲ್ಲಿ ಮುದುಕರು ದೀಪ ಹಚ್ಚಿ ಅಂಕಿ ನೋಡುವ ಹೊತ್ತು. ನನ್ನ ಜೀವವೂ ತಡೆಯಲಿಲ್ಲ.

"ಅಕ್ಕೋರ, ನೀವ ಒಮ್ಮೆ ಆ ಪುಟಾ ತಗೀರಲ್ಲ. ಒಂದು ಅಂಕಿ ಏರತೈತಿ. ಆ ಹಿರಿಯರ ಮನಸಿಗೂ ಸಮಾಧಾನ."

ಅವರ ಕೈ ಮೌಸಿನ ಮೇಲೆಯೇ ಇತ್ತು. ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಅದು ಆಕಿ ಅಂಕಿ, ತಂಗಿ," ಎಂದರು.

ಎದ್ದು ಶಟರಿನ ಕೊಕ್ಕೆ ಕೈಗೆ ತೆಗೆದುಕೊಂಡರು. ನಾನು ಬುತ್ತಿಯ ಚೀಲ ಹೆಗಲಿಗೆ ಹಾಕಿಕೊಂಡೆ. ಮೂಲೆಯ ಖೋಲಿಯ ಕಂಪ್ಯೂಟರು ಇನ್ನೂ ಉರಿಯುತ್ತಿತ್ತು, ಅವಳಿಗಾಗಿ ಹಚ್ಚಿಟ್ಟದ್ದು. ಅದನ್ನು ಆರಿಸಲು ಹೋದವರು ಪರದೆಯ ಮುಂದೆ ನಿಂತು, ಒಳಗೆ ಯಾರೂ ಇಲ್ಲವೆಂದು ಗೊತ್ತಿದ್ದೂ, ನಾಲ್ಕಾಣೆಯಿಂದ ಪ್ಲೈವುಡ್ಡನ್ನು ಬಡಿದರು. ತಲೆಯನ್ನು ಎಡಕ್ಕೆ ವಾಲಿಸಿ, ಹೂಂ ಎನ್ನುವವರಿಗಾಗಿ ಕಾದು ನಿಂತರು.